ಇಗ್ಲೂಲಿಕ್‌ನ ಸಿನಿಮಾ ಮತ್ತು ನೆಲದ ಅರಿವು

ಕೆನಡಾದ ಉತ್ತರದಂಚಿನ ಮೂಲನಿವಾಸಿಗಳಾದ ಇನುಯಿಟರನ್ನು ಜಗತ್ತು ಬಹುಕಾಲ ನೋಡಿದ್ದು ಹೊರಗಿನವರ ಕ್ಯಾಮೆರಾದ ಮೂಲಕ. ರಾಬರ್ಟ್ ಫ್ಲಾಹರ್ಟಿಯ ‘ನಾನೂಕ್ ಆಫ್ ದಿ ನಾರ್ತ್’ (1922) ಚಿತ್ರಕ್ಕೆ ಹಣ ಕೊಟ್ಟದ್ದು ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಫ್ರೆಂಚ್ ಕಂಪನಿಯೊಂದು. ಆ ವೇಳೆಗಾಗಲೇ ಬಂದೂಕು ಬಳಸುತ್ತಿದ್ದ ಬೇಟೆಗಾರರ ಕೈಗೆ ಈಟಿ ಕೊಟ್ಟು, ಅಲಾಕರಿಯಲಕ್ ಎಂಬಾತನನ್ನು ನಾನೂಕ್ ಎಂದು ಕರೆದು, ಒಳಗೆ ಬೆಳಕು ಬೀಳಲೆಂದು ಹಿಮದ ಮನೆಯ ಒಂದು ಪಾರ್ಶ್ವವನ್ನೇ ತೆರೆದಿಟ್ಟು ಚಿತ್ರೀಕರಿಸಲಾಯಿತು. ತುಪ್ಪಳದ ಬೇಡಿಕೆ ಆ ನೆಲದ ಬೇಟೆಯ ಕ್ರಮವನ್ನೇ ಬದಲಿಸಿತ್ತು. ಚಿತ್ರ ಮಾತ್ರ ಕಾಲದ ಸೋಂಕಿಲ್ಲದ ಜನರನ್ನು ಕಟ್ಟಿಕೊಟ್ಟಿತು.

ನಿರ್ವಸಾಹತೀಕರಣ, ಅಂದರೆ ಆಳಿದವರ ನೋಟದಿಂದ ತಮ್ಮ ನೆಲ, ನುಡಿ, ನೆನಪುಗಳನ್ನು ಬಿಡಿಸಿಕೊಳ್ಳುವ ಕೆಲಸ, ಇಗ್ಲೂಲಿಕ್ ಎಂಬ ಸಣ್ಣ ದ್ವೀಪದ ಊರಿನಲ್ಲಿ ನಿರಾಕರಣೆಯಿಂದ ಮೊದಲಾಯಿತು. ತಮ್ಮ ಇನುಕ್ಟಿಟುಟ್ ಭಾಷೆಯ ಕಾರ್ಯಕ್ರಮಗಳಿಲ್ಲದ ದೂರದರ್ಶನ ತಮಗೆ ಬೇಡವೆಂದು ಊರಿನವರು 1975ರಲ್ಲಿ ಮತ್ತು 1979ರಲ್ಲಿ ಮತ ಹಾಕಿದರು. ಶಿಲ್ಪಿಯಾಗಿದ್ದ ಜಕಾರಿಯಸ್ ಕುನುಕ್ ತಾನು ಕೆತ್ತಿದ ಮೂರ್ತಿಗಳನ್ನು ಮಾರಿ 1981ರಲ್ಲಿ ವಿಡಿಯೊ ಕ್ಯಾಮೆರಾ ಕೊಂಡರು; 1990ರಲ್ಲಿ ಪಾಲ್ ಅಪಾಕ್, ಪೌಲೂಸಿ ಕುಲಿಟಾಲಿಕ್, ನಾರ್ಮನ್ ಕೋನ್ ಅವರೊಡನೆ ಸೇರಿ ಇಸುಮಾ ಎಂಬ ಚಿತ್ರಸಂಸ್ಥೆ ಕಟ್ಟಿದರು. ಹಿರಿಯರ ಬಾಯಿಂದ ಕೇಳಿದ ಕಥೆಯನ್ನು ಆಧರಿಸಿದ ಅವರ ‘ಅಟಾನಾರ್ಜುಅಟ್’ 2001ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಸಲ್ಲುವ ಕ್ಯಾಮೆರಾ ದೋರ್ ಪ್ರಶಸ್ತಿ ಪಡೆಯಿತು.

ಆದರೆ ಪರಿಸರದ ದೃಷ್ಟಿಯಿಂದ ಇದಕ್ಕಿಂತ ಮಹತ್ವದ್ದು, ಸಂಶೋಧಕ ಇಯಾನ್ ಮೌರೊ ಜೊತೆಗೂಡಿ ಕುನುಕ್ ಮಾಡಿದ, ಹವಾಮಾನ ಬದಲಾವಣೆಯ ಕುರಿತ 2010ರ ಸಾಕ್ಷ್ಯಚಿತ್ರ. ಅದರಲ್ಲಿ ತಜ್ಞರ ಸ್ಥಾನದಲ್ಲಿ ಕುಳಿತವರು ಬೇಟೆಗಾರರು ಮತ್ತು ಹಿರಿಯರು. ಕಡಲ ಮಂಜುಗಡ್ಡೆ ತಡವಾಗಿ ಕಟ್ಟಿ ಬೇಗ ಕರಗುವುದನ್ನೂ, ಹಿಮಕರಡಿಗಳ ಕೊರಳಿಗೆ ವಿಜ್ಞಾನಿಗಳು ಪಟ್ಟಿ ಕಟ್ಟುವುದು ಪ್ರಾಣಿಗೆ ತೋರುವ ಅಗೌರವವೆಂಬುದನ್ನೂ ಹೇಳುವ ಅವರು, ಸೂರ್ಯ ಮೂಡುವ ಜಾಗ ಬದಲಾಗಿದೆ, ಭೂಮಿಯೇ ವಾಲಿದೆ ಎಂದೂ ಹೇಳುತ್ತಾರೆ. ಕೊನೆಯ ಮಾತನ್ನು ವಿಜ್ಞಾನ ಒಪ್ಪುವುದಿಲ್ಲ. ಆದರೂ ಕೆಳಗೆ ತಣ್ಣನೆಯ, ಮೇಲೆ ಬೆಚ್ಚನೆಯ ಗಾಳಿ ಪದರಗಟ್ಟಿದಾಗ ಬೆಳಕಿನ ಕಿರಣ ಬಾಗಿ ಸೂರ್ಯಬಿಂಬ ತನ್ನ ನಿಜಸ್ಥಾನದಿಂದ ಸರಿದಂತೆ ಕಾಣುವುದುಂಟು. ಕಾರಣ ಹೇಳುವುದರಲ್ಲಿ ಹಿರಿಯರು ತಪ್ಪಿರಬಹುದು, ಆದರೆ ನಿತ್ಯವೂ ದಿಗಂತವನ್ನು ನೋಡಿ ಬದುಕಿದವರ ಕಣ್ಣನ್ನು ಅಲ್ಲಗಳೆಯುವ ಅಧಿಕಾರ ದೂರದ ಪ್ರಯೋಗಾಲಯಕ್ಕಿಲ್ಲ. ಆ ಮಾತನ್ನು ಕತ್ತರಿಸದೆ ಉಳಿಸಿಕೊಂಡದ್ದೇ ಚಿತ್ರದ ದೊಡ್ಡತನ.

ನೆಲದ ಅರಿವಿಗೆ ದನಿ ಕೊಡುವ ಈ ಕೆಲಸ ಸಿನಿಮಾದಾಚೆಗೂ ಸಾಗಿತು. ಅದೇ ಉತ್ತರದಂಚಿನ ಬಾಫಿನ್ ದ್ವೀಪದ ಮೇರಿ ನದಿಯ ಕಬ್ಬಿಣದ ಅದಿರಿನ ಗಣಿಯ ಬಗ್ಗೆ 2012ರಲ್ಲಿ ಸಾರ್ವಜನಿಕ ವಿಚಾರಣೆ ನಡೆದಾಗ ಇಸುಮಾ ಅದನ್ನು ಜನರ ಭಾಷೆಯಲ್ಲಿ ಊರೂರಿಗೆ ತಲುಪಿಸಲು ದುಡಿಯಿತು, ಕುನುಕ್ ಸ್ವತಃ ವಿಚಾರಣೆಯಲ್ಲಿ ಮಾತನಾಡಿದರು. ಅದೇ ವರ್ಷದ ಕೊನೆಯಲ್ಲಿ ಗಣಿಗೆ ಷರತ್ತುಗಳೊಡನೆ ಅನುಮತಿ ದೊರೆಯಿತು.