ಎಂಟರ್‌ಪ್ರೈಸ್ ಸರ್ವಿಸ್ ಬಸ್

ಒಂದು ಸಂಸ್ಥೆಯ ಬೇರೆ ಬೇರೆ ತಂತ್ರಾಂಶಗಳ ನಡುವೆ ಸಂದೇಶ ಸಾಗಿಸುವ ಮಧ್ಯಸ್ಥ ತಂತ್ರಾಂಶ. 2000ರ ದಶಕದ ಆರಂಭದಲ್ಲಿ ಬಳಕೆಗೆ ಬಂತು. ಹತ್ತು ವ್ಯವಸ್ಥೆಗಳನ್ನು ನೇರವಾಗಿ ಒಂದಕ್ಕೊಂದು ಜೋಡಿಸಲು 45 ಕೊಂಡಿ ಬೇಕು. ಬಸ್ ಇದ್ದರೆ ಹತ್ತೇ ಸಾಕು.

ಇದರ ನಿಜವಾದ ಕೆಲಸ ಸಾಗಣೆಗಿಂತ ರೂಪ ಬದಲಾವಣೆಯಲ್ಲಿದೆ. ಒಂದು ಇಲಾಖೆ ದಿನಾಂಕವನ್ನು 05-06-2019 ಎಂದೂ ಇನ್ನೊಂದು 2019-06-05 ಎಂದೂ ಬರೆದರೆ ದಾರಿಯಲ್ಲೇ ಬದಲಿಸಿ ಕೊಡುತ್ತದೆ. ಪಡೆಯುವ ಸರ್ವರ್ ಕೆಟ್ಟಿದ್ದರೆ ಸಂದೇಶವನ್ನು ಸರದಿಯಲ್ಲಿ ಇಟ್ಟುಕೊಂಡು ಮತ್ತೆ ಕಳಿಸುವಂತೆಯೂ ಹೊಂದಿಸಬಹುದು.

ಆಂಧ್ರಪ್ರದೇಶ ಸರ್ಕಾರ 2015ರ ಸುಮಾರಿಗೆ ರೂಪಿಸಿದ ಇ-ಪ್ರಗತಿ ಯೋಜನೆಯಲ್ಲಿ 33 ಇಲಾಖೆಗಳನ್ನು ಬೆಸೆಯುವ ಇಂಥ ವೇದಿಕೆಗೆ ಇ-ಹೈವೇ ಎಂದು ಹೆಸರಿಟ್ಟರು. ಹೆಸರೇನೋ ಹೆದ್ದಾರಿಯದು, ಸ್ವಭಾವ ಮಾತ್ರ ಬಂದರ್ ರಸ್ತೆ ಮತ್ತು ಚೆನ್ನೈ–ಕೋಲ್ಕತ್ತ ಹೆದ್ದಾರಿ ಕೂಡುವ ವಿಜಯವಾಡದ ಬೆಂಜ್ ಸರ್ಕಲ್‌ನದು. ನಡುವೆ ಕಟ್ಟಿಕೊಂಡರೆ ನಾಲ್ಕೂ ದಿಕ್ಕು ನಿಲ್ಲುತ್ತದೆ. ಒಂದೇ ಕೇಂದ್ರದ ಮೇಲೆ ಹೊರೆ ಬೀಳುವುದೇ ಈ ವಿನ್ಯಾಸದ ದೊಡ್ಡ ದೋಷ. ತಂತ್ರಾಂಶವನ್ನು ಸಣ್ಣ ಸ್ವತಂತ್ರ ಸೇವೆಗಳಾಗಿ ಒಡೆಯುವ ಮೈಕ್ರೋಸರ್ವಿಸ್‌ಗಳತ್ತ ಒಲವು ಹೆಚ್ಚಲು ಇದೂ ಕಾರಣ.

ಕರ್ನಾಟಕದಲ್ಲಿ ಇಂಥ ಜೋಡಣೆಯ ಫಲ ರೈತರಿಗೆ ಗೊತ್ತು: ಕಾವೇರಿ ತಂತ್ರಾಂಶದಲ್ಲಿ ಜಮೀನಿನ ಕ್ರಯಪತ್ರ ನೋಂದಣಿಯಾದರೆ ಮಾಹಿತಿ ಭೂದಾಖಲೆಗಳ ‘ಭೂಮಿ’ ತಂತ್ರಾಂಶಕ್ಕೆ ಹೋಗಿ, ಪಹಣಿಯಲ್ಲಿ ಹೆಸರು ಬದಲಿಸುವ ಪ್ರಕ್ರಿಯೆ ಶುರುವಾಗುತ್ತದೆ.