ಕಲ್ಲುಕಂಬದ ಸೇತುವೆಯಿಂದ ಎಂ.ಟೆಕ್. ಪದವಿಯವರೆಗೆ

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು ಎಂದೊಡನೆ ಇತಿಹಾಸದ ವಿದ್ಯಾರ್ಥಿಗೆ ನೆನಪಾಗುವುದು ಗಂಗರಾಜನ ಹೆಸರು. ವಿಜಯನಗರಕ್ಕೆ ತಲೆಬಾಗಲೊಲ್ಲದೆ ಸೆಟೆದು ನಿಂತ ಈ ಪಾಳೆಯಗಾರನ ಬಲವೆಲ್ಲ ಇದ್ದದ್ದು ಕಾವೇರಿಯ ನಡುಗಡ್ಡೆಯಾದ ಶಿವನಸಮುದ್ರದಲ್ಲಿ. ಸುತ್ತಲೂ ಹರಿಯುವ ಹೊಳೆಯೇ ಅವನ ಕೋಟೆಗೆ ಕಂದಕ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ, ಅಂದರೆ 1510-12ರ ಸುಮಾರಿಗೆ, ದಂಡೆತ್ತಿ ಬಂದು ಉಮ್ಮತ್ತೂರಿನವರ ಆಳ್ವಿಕೆಯನ್ನು ಮುರಿದ. ಆಮೇಲೆ ಶಿವನಸಮುದ್ರ ಕಾಲಕ್ರಮೇಣ ಹಾಳುಬಿದ್ದು ಕಾಡು ಬೆಳೆಯಿತು.

ಆ ಹೊಳೆಯನ್ನು ದಾಟಲು ಭದ್ರವಾದ ಸೇತುವೆಗಳಾದದ್ದು ಮುನ್ನೂರು ವರ್ಷಗಳ ನಂತರ. ಮೈಸೂರಿನ ಬ್ರಿಟಿಷ್ ರೆಸಿಡೆಂಟರ ಬಳಿ ಕೆಲಸಕ್ಕಿದ್ದ ರಾಮಸ್ವಾಮಿ ಮೊದಲಿಯಾರ್ ಎಂಬುವರು 19ನೇ ಶತಮಾನದ ಪೂರ್ವಾರ್ಧದಲ್ಲಿ ಅವನ್ನು ಕಟ್ಟಿಸಿದರು. ಇದಕ್ಕಾಗಿ ಅವರಿಗೆ ಬಿರುದೂ ಜಹಗೀರೂ ದೊರೆತವು. ಹೊಳೆಯ ಹಾಸುಬಂಡೆಯಲ್ಲಿ ಕಲ್ಲುಕಂಬಗಳನ್ನು ನೆಟ್ಟು, ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆ ಹಾಸಿದ ರಚನೆ ಅದು. ನಮ್ಮ ದೇವಸ್ಥಾನಗಳ ಮಂಟಪವನ್ನೇ ಉದ್ದಕ್ಕೆ ಎಳೆದು ನೀರಿನಲ್ಲಿ ನಿಲ್ಲಿಸಿದಂತೆ!

ಇದನ್ನು ಕಟ್ಟಿದ ಕಲ್ಲುಕುಟಿಗರು ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವರಲ್ಲ. ತಂದೆಯಿಂದ ಮಗನಿಗೆ, ಮೇಸ್ತ್ರಿಯಿಂದ ಆಳಿಗೆ ಇಳಿದು ಬಂದ ವಿದ್ಯೆ ಅವರದು. ಹಾಗಿರುವಾಗ ಇಂದು ಸಿವಿಲ್ ಎಂಜಿನಿಯರಿಂಗ್‌ನಲ್ಲಿ ನಾಲ್ಕು ವರ್ಷ ಬಿ.ಇ. ಓದಿದ ಮೇಲೂ ಮತ್ತೆರಡು ವರ್ಷ ಸ್ನಾತಕೋತ್ತರ ಪದವಿಗೆ ಏಕೆ ಹೋಗಬೇಕು? ಮಗನೋ ಮಗಳೋ ಬೇಗ ದುಡಿಮೆಗೆ ನಿಲ್ಲಲಿ ಎಂದು ಕಾದಿರುವ ರೈತ ಕುಟುಂಬಕ್ಕೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ, ಎರಡು ವರ್ಷದ ಸಂಬಳದ ಪ್ರಶ್ನೆ.

ಈ ವಿದ್ಯೆ ಕಾಲೇಜಿಗೆ ಬಂದ ಬಗೆಯನ್ನು ನೋಡಿದರೆ ಉತ್ತರದ ಒಂದು ತುದಿ ಸಿಗುತ್ತದೆ. ಗಂಗಾ ಕಾಲುವೆಯ ಕೆಲಸಕ್ಕೆ ಜನ ಬೇಕಾಗಿದ್ದರಿಂದ 1847ರಲ್ಲಿ ರೂರ್ಕಿಯಲ್ಲಿ ಕಾಲೇಜು ಆರಂಭವಾಯಿತು. ಮೈಸೂರು ಸಂಸ್ಥಾನದ ಹುಡುಗರು ಮಾತ್ರ ಬಹುಕಾಲ ಊರು ಬಿಟ್ಟೇ ಹೋಗಬೇಕಾಗಿತ್ತು. ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಗೆ ಹೋದರು. 1883ರಲ್ಲಿ ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಒಂದು ಪದವಿಯ ಮೇಲೆ ಮತ್ತೆ ಓದಲು ಹೊರಟ ಹುಡುಗ ಆ ಕಾಲಕ್ಕೂ ಇದ್ದ ಎಂಬುದು ಗಮನಿಸತಕ್ಕ ಸಂಗತಿ. ಅವರೇ ಮುಂದೆ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. ಇಂದು ಅದು ಅವರ ಹೆಸರನ್ನೇ ಹೊತ್ತಿದೆ.

ಆದರೆ ಅಂದಿನ ಎಂಜಿನಿಯರು ಎಲ್ಲ ಕೆಲಸಕ್ಕೂ ಒಬ್ಬನೇ. ರಸ್ತೆ, ಕಾಲುವೆ, ಕಟ್ಟಡ, ಕುಡಿಯುವ ನೀರು ಎಲ್ಲವನ್ನೂ ಅವನೇ ನೋಡಬೇಕು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಕಲ್ಲು ಮತ್ತು ಸುರ್ಕಿ ಗಾರೆಯಿಂದ. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿ ಅರೆಯುವ ಈ ಗಾರೆ ಹಳೆಯ ಮೇಸ್ತ್ರಿಗಳಿಗೂ ಚೆನ್ನಾಗಿ ಗೊತ್ತಿದ್ದದ್ದೇ.

ಬದಲಾವಣೆ ಬಂದದ್ದು ಆಮೇಲೆ. ಆಸ್ಟ್ರಿಯಾದ ಕಾರ್ಲ್ ಟೆರ್ಜಾಗಿ 1925ರಲ್ಲಿ ಮಣ್ಣಿನ ಬಲದ ಬಗೆಗೆ ಗ್ರಂಥ ಪ್ರಕಟಿಸಿದ. ಕಾಲ ಕೆಳಗಿನ ಮಣ್ಣೂ ಒಂದು ಶಾಸ್ತ್ರವಾಯಿತು. ಕಬ್ಬಿಣದ ಸರಳು ಸೇರಿದ ಕಾಂಕ್ರೀಟು, ನೀರಿನ ಹರಿವಿನ ಲೆಕ್ಕ, ಕೊಳಚೆ ಶುದ್ಧೀಕರಣ ಎಲ್ಲವೂ ಬೇರೆ ಬೇರೆ ವಿದ್ಯೆಗಳಾಗಿ ಬೆಳೆದವು. ಸ್ವಾತಂತ್ರ್ಯದ ಹೊತ್ತಿಗೆ ಸರ್ಕಾರ್ ಸಮಿತಿ ಉನ್ನತ ತಾಂತ್ರಿಕ ಸಂಸ್ಥೆಗಳನ್ನು ಸ್ಥಾಪಿಸಬೇಕೆಂದು ಸಲಹೆ ಮಾಡಿ, ಅಲ್ಲಿ ಪದವಿಯ ಜೊತೆಗೆ ಸಂಶೋಧನೆಯೂ ನಡೆಯಬೇಕೆಂದಿತು. ಅದರ ಫಲವೇ 1951ರಲ್ಲಿ ಆರಂಭವಾದ ಖರಗ್‌ಪುರದ ಐ.ಐ.ಟಿ.

ಮೊದಲ ಪದವಿಯ ಪಾಠ ಸಾಲದೆಂದು ಎಲ್ಲರಿಗೂ ಮನವರಿಕೆ ಮಾಡಿಕೊಟ್ಟದ್ದು ಪ್ರಾಯಶಃ 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ. ದಖ್ಖನ್ನಿನ ಬಂಡೆ ಅಲುಗದು ಎಂಬ ನಂಬಿಕೆ ಅಂದು ಬೆಳಗಿನ ಜಾವ ಮುರಿಯಿತು. ಕಟ್ಟೆ ಉಳಿಯಿತು, ಆದರೆ ಅದರಲ್ಲಿ ಬಿರುಕು ಕಾಣಿಸಿಕೊಂಡಿತು. ಅಲುಗಾಡುವ ನೆಲದ ಮೇಲೆ ಅಷ್ಟು ಎತ್ತರದ ಗೋಡೆ ಹೇಗೆ ವರ್ತಿಸುತ್ತದೆ ಎಂಬುದು ಮೇಸ್ತ್ರಿಯ ಅನುಭವಕ್ಕೆ ಸಿಗುವಂಥದಲ್ಲ, ಬಿ.ಇ. ತರಗತಿಯಲ್ಲಿ ಒಂದೆರಡು ವಾರದಲ್ಲಿ ಹೇಳಿ ಮುಗಿಸುವಂಥದೂ ಅಲ್ಲ.

ಹೀಗಾಗಿ ಇಂದಿನ ಎಂ.ಟೆಕ್. ವಿದ್ಯಾರ್ಥಿ ಒಂದೇ ಕವಲನ್ನು ಆರಿಸಿಕೊಳ್ಳುತ್ತಾನೆ. ರಚನಾಶಾಸ್ತ್ರ, ಮಣ್ಣು, ಜಲಸಂಪನ್ಮೂಲ, ಸಾರಿಗೆ, ಪರಿಸರ ಇವು ಮುಖ್ಯವಾದವು. ಪ್ರವೇಶಕ್ಕೆ 'ಗೇಟ್' ಪರೀಕ್ಷೆ ಒಂದು ದಾರಿ, ರಾಜ್ಯದ ಪಿ.ಜಿ.ಸಿ.ಇ.ಟಿ. ಇನ್ನೊಂದು. 'ಗೇಟ್' ಗೆದ್ದು ಮಾನ್ಯತೆ ಪಡೆದ ಕಾಲೇಜು ಸೇರಿದವರಿಗೆ ತಿಂಗಳ ವಿದ್ಯಾರ್ಥಿವೇತನದ ಅವಕಾಶವೂ ಉಂಟು. ಬಡವರ ಮನೆಯ ಲೆಕ್ಕಾಚಾರದಲ್ಲಿ ಇದು ಸಣ್ಣ ವಿಷಯವಲ್ಲ. 2007ರಲ್ಲಿ ಚಾಮರಾಜನಗರದಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ತೆರೆದ ಮೇಲೆ ಉಮ್ಮತ್ತೂರಿನ ಕಡೆಯ ಮಕ್ಕಳಿಗೆ ಬಿ.ಇ. ಹತ್ತಿರವಾಗಿದೆ. ವಿಶ್ವೇಶ್ವರಯ್ಯನವರ ಕಾಲದ ಪುಣೆಯ ದೂರಕ್ಕೆ ಹೋಲಿಸಿದರೆ ಇದೊಂದು ದೊಡ್ಡ ನೆಗೆತ.

ಹೆಚ್ಚು ಓದಿದವರು ಊರಿನ ಕೆರೆಯ ಕಡೆ ತಿರುಗಿಯೂ ನೋಡುವುದಿಲ್ಲ ಎಂಬ ಆಕ್ಷೇಪ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಅದರಲ್ಲಿ ಸುಳ್ಳಿಲ್ಲ. ಆದರೆ ಕೆಲಸವೇನೂ ಕಡಿಮೆಯಾಗಿಲ್ಲ. 2018ರ ಕಾವೇರಿ ಪ್ರವಾಹದಲ್ಲಿ ಶಿವನಸಮುದ್ರದ ಹಳೆಯ ಕಲ್ಲು ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಸುಮಾರು ಇನ್ನೂರು ವರ್ಷ ನಿಂತ ಕಂಬಗಳು ಆ ವರ್ಷವೇ ಏಕೆ ಬಿದ್ದವು, ಉಳಿದವು ಇನ್ನೆಷ್ಟು ನೀರನ್ನು ತಡೆದಾವು ಎಂದು ಲೆಕ್ಕ ಹಾಕಿ ಹೇಳುವುದು ಜಲಶಾಸ್ತ್ರವನ್ನೂ ರಚನಾಶಾಸ್ತ್ರವನ್ನೂ ಆಳವಾಗಿ ಬಲ್ಲವರ ಕೆಲಸ.

ಎರೆ ಮಣ್ಣಿನ ಸಮಸ್ಯೆಯೂ ಇಂಥದೇ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಈ ಮಣ್ಣು ಮನೆಯ ಗೋಡೆಯನ್ನೂ ರಸ್ತೆಯನ್ನೂ ಸೀಳುತ್ತದೆ. ಸ್ನಾತಕೋತ್ತರ ಓದಿನ ಕೊನೆಯ ಭಾಗದಲ್ಲಿ ಬರೆಯಬೇಕಾದ ಪ್ರಬಂಧಕ್ಕೆ ಹಲವರು ಇದನ್ನೇ ಆರಿಸಿಕೊಳ್ಳುತ್ತಾರೆ. ಬಗೆಬಗೆಯ ಪ್ರಮಾಣದಲ್ಲಿ ಏನನ್ನೋ ಬೆರೆಸಿ, ದಿನಗಟ್ಟಲೆ ತೇವದಲ್ಲಿಟ್ಟು, ಯಂತ್ರದಲ್ಲಿ ಒತ್ತಿ, ಮಣ್ಣು ಎಷ್ಟು ಗಟ್ಟಿಯಾಯಿತೆಂದು ಅಳೆಯುತ್ತಾರೆ. ಬೆರೆಸುವ ವಸ್ತು ಬಹಳ ಸಲ ಸುಣ್ಣವೇ.