ಪಂಕ್ತಿ ಏಳುವ ತನಕ

ದಲಾಲ್ ಸ್ಟ್ರೀಟಿನ ಹಳೆಯ ರಿಂಗಿನಲ್ಲಿ ಮೊದಲು ಕೂಗು, ಆಮೇಲೆ ಬರವಣಿಗೆ. ದಲ್ಲಾಳಿಗಳು ಬೆಲೆ ಕೂಗುತ್ತಿದ್ದರು, ಕೈಸನ್ನೆ ಮಾಡುತ್ತಿದ್ದರು, ಕುದುರಿದ ಸೌದಾವನ್ನು ಕೈಯಲ್ಲಿದ್ದ ಪುಟ್ಟ ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದರು. ಆಮೇಲೆ ಇಬ್ಬರ ಚೀಟಿ ತಾಳೆಯಾಗದಿದ್ದರೆ ತಕರಾರು. ಬರೆಯಲು ಎಷ್ಟು ಹೊತ್ತು ಹಿಡಿಯಿತು ಎಂಬ ಪ್ರಶ್ನೆಯೇ ಇರಲಿಲ್ಲ. ಮಾತು ಆಗಲೇ ಆಗಿಹೋಗಿರುತ್ತಿತ್ತು. 1875ರಲ್ಲಿ ದಲ್ಲಾಳಿಗಳ ಸಂಘವಾಗಿ ಹುಟ್ಟಿದ ಮುಂಬಯಿ ಶೇರುಪೇಟೆ ನೂರಿಪ್ಪತ್ತು ವರ್ಷ ಬಾಯಿಮಾತಿನ ಮೇಲೆಯೇ ನಡೆಯಿತು.

1994ರ ನವೆಂಬರಿನಲ್ಲಿ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಕಂಪ್ಯೂಟರ್ ಪರದೆಯ ಮೇಲೆ ಶೇರು ವಹಿವಾಟು ಶುರುಮಾಡಿತು. ನಾಲ್ಕೇ ತಿಂಗಳಲ್ಲಿ, 1995ರ ಮಾರ್ಚಿನಲ್ಲಿ, ಹಳೆಯ ಪೇಟೆಯೂ ‘ಬೋಲ್ಟ್’ ಎಂಬ ತನ್ನ ವ್ಯವಸ್ಥೆಯೊಂದಿಗೆ ಪರದೆಗೆ ಬಂತು. ಹೊಸ ಏರ್ಪಾಡಿನ ನ್ಯಾಯ ಸರಳ: ಒಳ್ಳೆಯ ಬೆಲೆ ಹೇಳಿದವರಿಗೆ ಮೊದಲ ಸ್ಥಾನ, ಬೆಲೆ ಒಂದೇ ಆದರೆ ಮೊದಲು ಬಂದವರಿಗೆ ಆದ್ಯತೆ. ದಾವಣಗೆರೆಯ ಸಣ್ಣ ಹೂಡಿಕೆದಾರ ಮುಂಬಯಿಯ ದೊಡ್ಡ ದಲ್ಲಾಳಿಗಿಂತ ಮುಂಚೆ ಬಂದಿದ್ದರೆ ಅವನದೇ ಮೊದಲು. ಈ ನ್ಯಾಯ ನಿಲ್ಲಬೇಕಾದರೆ ಯಾರು ಯಾವಾಗ ಬಂದರು ಎಂಬುದು ಅಳಿಯದಂತೆ ದಾಖಲಾಗಬೇಕು.

ವೇಗಕ್ಕಾಗಿ ಎನ್‌ಎಸ್‌ಇ ತನ್ನ ‘ನೀಟ್’ ವ್ಯವಸ್ಥೆಯ ವಹಿವಾಟಿನ ವಿವರಗಳನ್ನು ಕಂಪ್ಯೂಟರಿನ ಮೆಮೊರಿಯಲ್ಲೇ ಇಟ್ಟಿತು. ಆದರೆ ಸಾಮಾನ್ಯ ಮೆಮೊರಿ ಕರೆಂಟು ಹೋದರೆ ಎಲ್ಲವನ್ನೂ ಮರೆಯುತ್ತದೆ. ಆದ್ದರಿಂದ ಹಣದ ಲೆಕ್ಕ ಇಡುವ ವ್ಯವಸ್ಥೆಗಳು ಸಾಮಾನ್ಯವಾಗಿ ಒಂದು ಕ್ರಮ ಪಾಲಿಸುತ್ತವೆ: ಮೊದಲು ಶಾಶ್ವತ ದಾಖಲೆಗೆ ಬರೆ, ಆಮೇಲೆ ‘ಆಯಿತು’ ಎನ್ನು. ರಿಂಗಿನ ಕಾಲದ ಕ್ರಮ ಇಲ್ಲಿ ತಲೆಕೆಳಗಾಯಿತು. ಬರವಣಿಗೆ ತಡವಾದರೆ ಈಗ ಮಾತೂ ತಡ.

ಇಂಥ ಕೆಲಸಕ್ಕೆ ಎಸ್‌ಎಸ್‌ಡಿ ಹೇಳಿ ಮಾಡಿಸಿದ ಹಾಗೆ ಕಂಡದ್ದು ಸಹಜ. ತಿರುಗುವ ತಟ್ಟೆಯಿಲ್ಲ, ಓಡಾಡುವ ಸೂಜಿಯಿಲ್ಲ. ಹಾರ್ಡ್ ಡಿಸ್ಕಿಗೆ ಹಲವು ಮಿಲಿಸೆಕೆಂಡು ಹಿಡಿಯುವ ಕೆಲಸ ಇಲ್ಲಿ ಮೈಕ್ರೋಸೆಕೆಂಡುಗಳಲ್ಲಿ ಮುಗಿಯುತ್ತದೆ. ಆದರೆ ಅದನ್ನು ನೆಚ್ಚಿದ ಎಂಜಿನಿಯರುಗಳಿಗೆ ಒಂದು ವಿಚಿತ್ರ ಎದುರಾಯಿತು. ಸಾವಿರ ಸಲ ಚಕಚಕನೆ ಬರೆಯುವ ಡ್ರೈವು ಸಾವಿರದೊಂದನೆಯ ಸಲ ಸುಮ್ಮನೆ ನಿಂತುಬಿಡುತ್ತದೆ. ಕೆಟ್ಟಿದೆಯೇ ಎಂದು ನೋಡಿದರೆ ಏನೂ ಕೆಟ್ಟಿಲ್ಲ.

ಇದರ ಬೇರು 1980ರ ದಶಕದ ಜಪಾನಿನಲ್ಲಿದೆ. ತೋಷಿಬಾ ಕಂಪನಿಯ ಫುಜಿಯೊ ಮಸುವೊಕ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನೂ 1987ರಲ್ಲಿ ಅದರ ನ್ಯಾಂಡ್ ರೂಪವನ್ನೂ ಜಗತ್ತಿನ ಮುಂದಿಟ್ಟರು. ಒಂದೊಂದೇ ಅಕ್ಷರವನ್ನು ಬೇರೆಬೇರೆಯಾಗಿ ಅಳಿಸುವ ಸೌಲಭ್ಯ ಬೇಕೆಂದರೆ ಚಿಪ್ಪಿನಲ್ಲಿ ಜಾಗ ಹೆಚ್ಚು ಬೇಕು, ದುಡ್ಡೂ ಹೆಚ್ಚು. ದೊಡ್ಡ ತುಂಡನ್ನು ಒಟ್ಟಿಗೇ ಅಳಿಸುವುದಾದರೆ ಅಗ್ಗ. ಹಾಗೆ ಒಮ್ಮೆಲೇ ಅಳಿಯುವುದು ಕ್ಯಾಮೆರಾದ ಫ್ಲ್ಯಾಶಿನಂತೆ ಕಂಡದ್ದರಿಂದ ಸಹೋದ್ಯೋಗಿಯೊಬ್ಬರು ಈ ಹೆಸರು ಸೂಚಿಸಿದರಂತೆ. ಬರೆದಿಡಲು ಹುಟ್ಟಿದ ವಸ್ತುವಿಗೆ ಅಳಿಸುವ ಕ್ರಿಯೆಯಿಂದ ಹೆಸರು ಬಂತು. ಅದರ ತೊಡಕೂ ಅದೇ ಕ್ರಿಯೆಯಲ್ಲಿದೆ.

ಮಾಟುಂಗದ ಮದುವೆ ಹಾಲ್‌ನಲ್ಲಿ ಪಂಕ್ತಿ ಊಟ ಉಂಡವರಿಗೆ ಈ ತೊಡಕನ್ನು ವಿವರಿಸುವುದು ಸುಲಭ. ಒಮ್ಮೆ ಬಡಿಸಿದ ಎಲೆಯಲ್ಲಿ ಇನ್ನೊಬ್ಬರಿಗೆ ಬಡಿಸುವಂತಿಲ್ಲ. ಒಂದೇ ಎಲೆ ತೆಗೆದು ಅಷ್ಟೇ ಜಾಗ ಸಾರಿಸುವ ಪದ್ಧತಿಯೂ ಇಲ್ಲ. ಪಂಕ್ತಿ ಪೂರ್ತಿ ಎದ್ದ ಮೇಲೆಯೇ ಸಾರಣೆ. ಫ್ಲ್ಯಾಶಿನಲ್ಲಿ ಎಲೆಯೆಂದರೆ ಪೇಜ್, ಪಂಕ್ತಿಯೆಂದರೆ ಬ್ಲಾಕ್. ಒಂದು ಬ್ಲಾಕಿನಲ್ಲಿ ನೂರಾರು, ಕೆಲವದರಲ್ಲಿ ಸಾವಿರಾರು ಪೇಜುಗಳು. ಓದಲು ಹತ್ತಾರು ಮೈಕ್ರೋಸೆಕೆಂಡು ಸಾಕು, ಪೇಜು ಬರೆಯಲು ನೂರಾರು, ಬ್ಲಾಕು ಅಳಿಸಲು ಕೆಲವು ಮಿಲಿಸೆಕೆಂಡು.

ಖಾಲಿ ಪಂಕ್ತಿಗಳಿರುವ ತನಕ ಬಂದವರೆಲ್ಲ ಬಂದಂತೆಯೇ ಕೂರುತ್ತಾರೆ. ಹೊಸ ಡ್ರೈವು ಅಷ್ಟು ವೇಗವಾಗಿ ತೋರುವುದು ಇದಕ್ಕೇ. ಹಾಲ್ ತುಂಬಿದ ಮೇಲೆ ಪಂಕ್ತಿಯೊಂದರಲ್ಲಿ ಇನ್ನೂ ಉಣ್ಣುತ್ತಿರುವ ನಾಲ್ವರನ್ನು ಬೇರೆ ಕಡೆ ಹೊಸ ಎಲೆ ಹಾಕಿ ಕೂರಿಸಿ, ಉಳಿದ ಎಂಜಲೆಲೆಗಳನ್ನು ತೆಗೆದು, ಸಾರಿಸಿ, ಆಮೇಲೆ ಬಾಗಿಲಲ್ಲಿ ನಿಂತವರನ್ನು ಕರೆಯಬೇಕು. ಡ್ರೈವಿನೊಳಗಿನ ಪುಟ್ಟ ಕಂಪ್ಯೂಟರ್ ಮಾಡುವುದೂ ಇದನ್ನೇ. ಎಂಜಿನಿಯರುಗಳು ಇದಕ್ಕೆ ಗಾರ್ಬೇಜ್ ಕಲೆಕ್ಷನ್ ಎನ್ನುತ್ತಾರೆ. ಆ ಹೊತ್ತಿಗೆ ಬಂದ ಬರವಣಿಗೆ ಕಾಯಬೇಕಾಗುತ್ತದೆ.

ಸರಾಸರಿ ನೋಡಿದರೆ ಈ ಕಾಯುವಿಕೆ ಕಣ್ಣಿಗೇ ಬೀಳುವುದಿಲ್ಲ. 999 ಬರಹಗಳು ತಲಾ 50 ಮೈಕ್ರೋಸೆಕೆಂಡಿನಲ್ಲಿ, ಒಂದು ಮಾತ್ರ 20 ಮಿಲಿಸೆಕೆಂಡಿನಲ್ಲಿ ಮುಗಿದವು ಎಂದುಕೊಳ್ಳಿ. ಸರಾಸರಿ ಸುಮಾರು 70 ಮೈಕ್ರೋಸೆಕೆಂಡು, ಅಚ್ಚುಕಟ್ಟಾದ ಅಂಕಿ. ಆದರೆ ಸೆಕೆಂಡಿಗೆ 10,000 ಆರ್ಡರು ಬರುವ ಕಡೆ ಆ 20 ಮಿಲಿಸೆಕೆಂಡಿನಲ್ಲಿ 200 ಆರ್ಡರುಗಳು ಸಾಲುಗಟ್ಟಿ ನಿಂತಿರುತ್ತವೆ. ಲೋಕಲ್ ರೈಲು ಹಿಡಿಯುವ ಮುಂಬಯಿಕರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಿಂಗಳ ಸರಾಸರಿ ಚೆನ್ನಾಗಿದ್ದರೂ ಸಂದರ್ಶನದ ದಿನ ರೈಲು ನಿಂತರೆ ಕೆಲಸ ಕೈತಪ್ಪುತ್ತದೆ. ರಿಯಲ್ ಟೈಮ್ ಎಂಬ ಮಾತಿನ ಅರ್ಥವೂ ಹೇಳಿದ ಹೊತ್ತಿಗೆ ಮುಗಿಸುವುದು ಎಂದೇ. ಬರೀ ವೇಗವಿದ್ದರೆ ಸಾಲದು.

ಹಾಗಾಗಿ ದೋಷ ಹುಡುಕುವವರು ಸರಾಸರಿಯನ್ನು ಬದಿಗಿಟ್ಟು ಅತಿ ನಿಧಾನದ ಬರಹಗಳನ್ನು ಎಣಿಸುತ್ತಾರೆ. ಹೊಸ ಡ್ರೈವಿನ ಮೇಲೆ ಐದು ನಿಮಿಷ ಪರೀಕ್ಷಿಸಿ ನಂಬುವುದಿಲ್ಲ. ಪೂರ್ತಿ ತುಂಬಿ, ಗಂಟೆಗಟ್ಟಲೆ ಬರೆದು, ಅದು ತನ್ನ ನಿಜವಾದ ನಡಿಗೆಗೆ ಬಂದ ಮೇಲೆ ಅಳೆಯುತ್ತಾರೆ. ಡ್ರೈವು ಕಾದು ತಾನಾಗಿ ವೇಗ ಇಳಿಸುತ್ತಿದೆಯೇ, ಮೊದಲಿಗೆ ಬೇಗ ಬರೆದುಕೊಳ್ಳಲು ಇಟ್ಟ ಸಣ್ಣ ಜಾಗ ತುಂಬಿಹೋಗಿದೆಯೇ ಎಂದು ನೋಡುತ್ತಾರೆ. ಪರಿಹಾರಗಳೂ ಪಂಕ್ತಿಯ ಲೆಕ್ಕದವೇ. ಕೆಲವು ಪಂಕ್ತಿಗಳನ್ನು ಯಾರಿಗೂ ಕೊಡದೆ ಖಾಲಿ ಇಡುವುದು ಒಂದು. ಉಂಡವರು ‘ನನ್ನದಾಯಿತು’ ಎಂದು ಹೇಳಿ ಏಳುವುದು ಇನ್ನೊಂದು. ಬೇಡವಾದ ಜಾಗವನ್ನು ಡ್ರೈವಿಗೆ ತಿಳಿಸುವ ಟ್ರಿಮ್ ಆಜ್ಞೆ ಅದು. ತುರ್ತು ದಾಖಲೆಗೆ ಪ್ರತ್ಯೇಕ ಡ್ರೈವು ಇಡುವುದು ಮತ್ತೊಂದು. ಕರೆಂಟು ಹೋದರೂ ಕೈಯಲ್ಲಿದ್ದುದನ್ನು ಬರೆದು ಮುಗಿಸಲು ಬೇಕಾದ ವಿದ್ಯುತ್ತನ್ನು ಕೆಪಾಸಿಟರುಗಳಲ್ಲಿ ಕೂಡಿಟ್ಟುಕೊಂಡ ಡ್ರೈವುಗಳೂ ಇವೆ. ಅವು ಚಿಪ್ಪಿಗೆ ಬರೆಯುವ ಮೊದಲೇ ಧೈರ್ಯವಾಗಿ ‘ಆಯಿತು’ ಎನ್ನಬಲ್ಲವು.

2013ರ ಕೊನೆಗೆ ಹಳೆಯ ಮುಂಬಯಿ ಪೇಟೆ ಜರ್ಮನಿಯ ಡಾಯ್ಚ ಬೋರ್ಸೆಯ ತಂತ್ರಾಂಶಕ್ಕೆ ಬದಲಾಗತೊಡಗಿತು, ತನ್ನ ವೇಗವನ್ನು ಮೈಕ್ರೋಸೆಕೆಂಡುಗಳಲ್ಲಿ ಸಾರತೊಡಗಿತು. ಆದರೆ ಬರವಣಿಗೆ ಕೈಕೊಟ್ಟರೆ ಏನಾಗುತ್ತದೆ ಎಂದು ದೇಶ ಕಂಡದ್ದು ಎನ್‌ಎಸ್‌ಇಯಲ್ಲಿ, 2021ರ ಫೆಬ್ರವರಿ 24ರಂದು. ಬೆಳಿಗ್ಗೆ 11.40ಕ್ಕೆ ವಹಿವಾಟು ನಿಂತಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ, ಮಾಮೂಲಿನಂತೆ ಪೇಟೆ ಮುಚ್ಚುವ ಹೊತ್ತು ಮೀರಿದ ಮೇಲೆ. ಆ ದಿನ ಸಂಜೆ 5ರ ತನಕ ನಡೆಯಿತು. ಅಂದು ಎಡವಿದ್ದು ಯಾವುದೋ ಒಂದು ಎಸ್‌ಎಸ್‌ಡಿ ಅಲ್ಲ. ಎನ್‌ಎಸ್‌ಇ ಕೊಟ್ಟ ವಿವರಣೆಯ ಪ್ರಕಾರ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಮುಖ್ಯ ಕೇಂದ್ರಕ್ಕೂ ಹತ್ತಿರದ ಜೋಡಿ ಕೇಂದ್ರಕ್ಕೂ ನಡುವಿನ ಟೆಲಿಕಾಂ ಸಂಪರ್ಕ ಕೆಟ್ಟಿತು. ದಾರಿಯಲ್ಲಿ ನಡೆದ ಅಗೆತ ಅದಕ್ಕೆ ಕಾರಣ. ಆದರೆ ಸಂಪರ್ಕ ಕಡಿದರೂ ಮುಖ್ಯ ಕೇಂದ್ರ ತಾನಾಗಿ ನಡೆಯಬೇಕಿತ್ತು. ಹಾಗಾಗದೆ ಅಲ್ಲಿನ ಸಂಗ್ರಹ ಜಾಲವೇ ಸರ್ವರುಗಳ ಕೈಗೆ ಸಿಗದಾಯಿತು, ಅಪಾಯದ ಲೆಕ್ಕ ಇಡುವ ವ್ಯವಸ್ಥೆ ನಿಂತಿತು.

ಒಂದು ಅಕ್ಷರವೂ ಕಳೆಯಬಾರದು ಎಂದು ಎರಡು ಕಡೆ ಬರೆಯುವ ಏರ್ಪಾಡು ಅದು. ಅಂಥ ಏರ್ಪಾಡಿನಲ್ಲಿ ಬರಹದ ವೇಗವನ್ನು ನಿರ್ಧರಿಸುವುದು ಇಬ್ಬರಲ್ಲಿ ನಿಧಾನದವನು. ಒಂದೇ ಡ್ರೈವಿನೊಳಗೆ ಮಿಲಿಸೆಕೆಂಡುಗಳಲ್ಲಿ ನಡೆಯುವ ಕಥೆ ಮುಂಬಯಿಯ ರಸ್ತೆಯಡಿ ನಾಲ್ಕು ಗಂಟೆಯ ಕಥೆಯಾಗಿ ನಡೆಯಿತು. ಆ ನಾಲ್ಕು ಗಂಟೆ ಶೇರು ಕೊಂಡವರು ಮಾರುವಂತಿರಲಿಲ್ಲ, ಮಾರಿದವರು ಕೊಳ್ಳುವಂತಿರಲಿಲ್ಲ. ಮತ್ತೆ ತೆರೆಯುತ್ತದೋ ಇಲ್ಲವೋ ತಿಳಿಯದೆ ಹಲವರು ತಮ್ಮ ಲೆಕ್ಕವನ್ನು ಇನ್ನೊಂದು ಪೇಟೆಯಲ್ಲಿ ಸಿಕ್ಕ ಬೆಲೆಗೆ ಮುಗಿಸಿಕೊಂಡರು.

ಮರು ತಿಂಗಳು ಸೆಬಿ ನಿಯಮ ಬಿಗಿಮಾಡಿತು. ಮುಖ್ಯ ವ್ಯವಸ್ಥೆ ಕೆಟ್ಟರೆ 30 ನಿಮಿಷದೊಳಗೆ ಅದನ್ನು ವಿಪತ್ತು ಎಂದು ಘೋಷಿಸಬೇಕು, ಅಲ್ಲಿಂದ 45 ನಿಮಿಷದೊಳಗೆ ಬದಲಿ ಕೇಂದ್ರದಿಂದ ಕೆಲಸ ಶುರುವಾಗಬೇಕು. ಮೈಕ್ರೋಸೆಕೆಂಡಿನ ಹೆಮ್ಮೆಯ ಪೇಟೆಗೆ ನಿಯಂತ್ರಕರು ನಿಮಿಷಗಳ ಗಡುವು ಕೊಟ್ಟರು. ಎಷ್ಟು ಬೇಗ ಬರೆಯುತ್ತೀರಿ ಎಂದು ಅದು ಕೇಳಲಿಲ್ಲ. ಅತಿ ಕೆಟ್ಟ ದಿನ ಎಷ್ಟು ಹೊತ್ತು ಕಾಯಿಸುತ್ತೀರಿ ಎಂದು ಕೇಳಿತು. ಡ್ರೈವಿನ ಮುಂದೆ ಕೂತ ಎಂಜಿನಿಯರು ಕೇಳುವುದೂ ಅದನ್ನೇ.